ಈಜಿಪ್ಟಿನ ಪ್ರಾಚೀನ ಮಸಣಭೂಮಿ: ಪದೇ ಪದೇ ಕೇಳುವ ಪ್ರಶ್ನೆಗಳು

ಪಿರಮಿಡ್ಡಿನ ಚಿತ್ರ ಬರೆಯಿರಿ ಎಂದರೆ ನಾವೆಲ್ಲ ಒಂದು ತ್ರಿಕೋನ, ಅದರ ಕೆಳಗೊಂದಿಷ್ಟು ಮರಳು, ಪಕ್ಕದಲ್ಲೊಂದು ಒಂಟೆ ಬರೆದು ಮುಗಿಸುತ್ತೇವೆ. ಈಜಿಪ್ಟಿನಲ್ಲಿ ಸಾಕಿದ ಒಂಟೆಯ ಬಳಕೆ ಹರಡಿದ್ದು ದೊಡ್ಡ ಪಿರಮಿಡ್ಡುಗಳ ಕಾಲ ಕಳೆದು ಸಾವಿರಾರು ವರ್ಷಗಳಾದ ಮೇಲೆ. ಒಂಟೆಯ ಜಾಗದಲ್ಲಿ ನಿಜಕ್ಕೂ ಇರಬೇಕಾದದ್ದು ದೋಣಿ. ಅದರ ಜೊತೆಗೆ ನದಿ, ಕಲ್ಲುಗಣಿ, ರೊಟ್ಟಿ ಬೇಯಿಸುವ ಒಲೆಗಳ ಸಾಲು, ಅಪ್ಪನ ಗೋರಿಗೆ ಎಡೆ ಇಡಲು ಬಂದ ಮಗ. ಕೆಳಗಿನ ಉತ್ತರಗಳಲ್ಲಿ ಗೋರಿಯ ಒಳಗಿಗಿಂತ ಅದರ ಸುತ್ತಲಿನ ನೆಲದ ಮಾತೇ ಹೆಚ್ಚು. ಚಿನ್ನದ ಮುಖವಾಡಕ್ಕಾಗಿ ಬಂದವರಿಗೆ ಸ್ವಲ್ಪ ನಿರಾಸೆಯಾದೀತು.

ಪುರಾತತ್ವಜ್ಞರು ಗೋರಿಯನ್ನು ಬಿಟ್ಟು ಸುತ್ತಲಿನ ನೆಲವನ್ನೇಕೆ ನೋಡುತ್ತಾರೆ?

ಗೋರಿ ಒಂಟಿಯಾಗಿ ಇರುವ ವಸ್ತುವಲ್ಲವಾದ್ದರಿಂದ. ಅದನ್ನು ಅಲ್ಲೇ ಏಕೆ ಕಟ್ಟಿದರು, ಅಲ್ಲಿಗೆ ಬರುವ ದಾರಿ ಯಾವುದು, ಅಕ್ಕಪಕ್ಕದಲ್ಲಿ ಯಾರು ಮಲಗಿದ್ದಾರೆ, ಅದಕ್ಕೂ ಹಳೆಯದು ಏನು ಅದರಡಿಯಲ್ಲಿದೆ, ಅಲ್ಲಿಂದ ನಿಂತು ನೋಡಿದರೆ ಏನು ಕಾಣುತ್ತದೆ? ಇವಕ್ಕೆ ಉತ್ತರ ಶವಪೆಟ್ಟಿಗೆಯೊಳಗೆ ಸಿಗುವುದಿಲ್ಲ.

ಕೈರೋದ ದಕ್ಷಿಣಕ್ಕಿರುವ ಸಕ್ಕಾರಾ ಮಸಣದ ಊನಾಸ್ ದೊರೆಯ ಪಿರಮಿಡ್ಡನ್ನೇ ನೋಡಿ. ಕ್ರಿ.ಪೂ. 2350ರ ಸುಮಾರಿನದು. ಅದನ್ನು ಎಬ್ಬಿಸಿದ ಜಾಗದ ಅಡಿಯಲ್ಲಿ ಆಗಲೇ ಎರಡನೆಯ ರಾಜವಂಶದ ಸಮಾಧಿಯ ಸುರಂಗಗಳಿದ್ದವು. ಪಿರಮಿಡ್ಡಿಗೆ ಹೋಗುವ ಉದ್ದನೆಯ ಕಲ್ಲುದಾರಿಯನ್ನು ಹಾಸಲು ಅಡ್ಡ ಬಂದ ಹಳೆಯ ಗೋರಿಗಳನ್ನು ಮುಚ್ಚಿದರು, ಕೆಲವನ್ನು ಕಿತ್ತು ಕಲ್ಲನ್ನು ಬಳಸಿಕೊಂಡರು. ನಿಯಾಂಖ್‌ಖ್ನುಮ್ ಮತ್ತು ಖ್ನುಮ್‌ಹೊತೆಪ್ ಎಂಬ ಇಬ್ಬರು ಅರಮನೆ ನೌಕರರ ಜೋಡಿ ಗೋರಿಯ ಕಲ್ಲುಗಳು 1964ರಲ್ಲಿ ಬೆಳಕಿಗೆ ಬಂದದ್ದು ಈ ದಾರಿಯ ಅಡಿಯಿಂದಲೇ. ಅದಾಗಿ ಸಾವಿರ ವರ್ಷಕ್ಕೆ ಅದೇ ದಾರಿಯ ದಕ್ಷಿಣಕ್ಕೆ ತುತಂಖಾಮನ್ ಕಾಲದ ಸೇನಾಪತಿ ಹೊರೆಮ್ಹೆಬ್ ಗೋರಿ ಕಟ್ಟಿಸಿಕೊಂಡ. ಆಮೇಲೆ ತಾನೇ ದೊರೆಯಾದ್ದರಿಂದ ಲಕ್ಸರ್ ಬಳಿ ಇನ್ನೊಂದನ್ನು ಕೊರೆಸಿಕೊಂಡ! ಒಂದೇ ದಿಬ್ಬದ ಮೇಲೆ ಇಷ್ಟು ಕಥೆಗಳು ಒಂದರ ಮೇಲೊಂದು ಕುಳಿತಿವೆ. ಒಂದನ್ನು ಮಾತ್ರ ಎತ್ತಿಕೊಂಡರೆ ಉಳಿದವು ಕಲಸಿಹೋಗುತ್ತವೆ.

ಗೋರಿಗಳೆಲ್ಲ ನೈಲ್ ನದಿಯ ಪಶ್ಚಿಮ ದಂಡೆಯಲ್ಲೇ ಇರುವುದೇಕೆ?

ಎಲ್ಲವೂ ಇಲ್ಲ. ಹೆಚ್ಚಿನವು ಇವೆ, ಅಷ್ಟೆ.

ಸೂರ್ಯ ಮುಳುಗುವ ದಿಕ್ಕು ಸತ್ತವರದು ಎಂಬ ನಂಬಿಕೆ ಬಲವಾಗಿತ್ತು. ಸತ್ತವರನ್ನು 'ಪಶ್ಚಿಮದವರು' ಎಂದೇ ಕರೆಯುತ್ತಿದ್ದರು. ಅಬಿಡೋಸ್ ಎಂಬ ಊರಿನ ಹಳೆಯ ದೇವರ ಹೆಸರು ಖೆಂತಿಅಮೆಂತಿಯು, ಎಂದರೆ ಪಶ್ಚಿಮದವರ ಒಡೆಯ. ಆದರೆ ನಂಬಿಕೆಯ ಜೊತೆಗೆ ಹೊಟ್ಟೆಪಾಡಿನ ಲೆಕ್ಕವೂ ಇತ್ತು. ನೈಲ್ ಕಣಿವೆಯ ಕಪ್ಪು ಮಣ್ಣಿನ ಪಟ್ಟಿ ಕಿರಿದು, ವರ್ಷಕ್ಕೊಮ್ಮೆ ನೆರೆ ಬಂದು ಅದು ಮುಳುಗುತ್ತಿತ್ತು. ಅಲ್ಲಿ ಹೂಳಿದರೆ ಹೊಲವೂ ಹಾಳು, ಹೆಣವೂ ಹಾಳು. ಹೊಲ ಮುಗಿದು ಕೆಂಪು ಮರಳು ಶುರುವಾಗುವ ಅಂಚು ಎರಡಕ್ಕೂ ಸರಿಹೊಂದುತ್ತಿತ್ತು: ಒಣನೆಲ, ಆದರೆ ಊರಿಂದ ನಡೆದು ಹೋಗುವಷ್ಟು ಹತ್ತಿರ.

ಪಶ್ಚಿಮದಲ್ಲಿ ಸರಿಯಾದ ಬಂಡೆ ಸಿಗದ ಕಡೆ ಜನ ಹಿಂಜರಿಯದೆ ಪೂರ್ವಕ್ಕೆ ಹೋದರು. ಮಧ್ಯ ಈಜಿಪ್ಟಿನ ಬೆನಿ ಹಸನ್‌ನಲ್ಲಿ ಸ್ಥಳೀಯ ಅಧಿಪತಿಗಳ ಸೊಗಸಾದ ಬಂಡೆಗೋರಿಗಳು ಇರುವುದು ಪೂರ್ವ ದಂಡೆಯಲ್ಲಿ. ತನ್ನ ಹೊಸ ರಾಜಧಾನಿ ಅಮಾರ್ನಾದಲ್ಲಿ ಅಖೆನಾತೆನ್ ದೊರೆ ಇನ್ನೂ ಮುಂದೆ ಹೋದ. ಉದಯಿಸುವ ಸೂರ್ಯಬಿಂಬವನ್ನು ಪೂಜಿಸಿದ ಆತ ತನ್ನ ಸಮಾಧಿಯನ್ನು ಪೂರ್ವದ ಬೆಟ್ಟಗಳ ನಡುವಿನ ಒಣ ಹಳ್ಳದೊಳಗೆ ಕೊರೆಸಿದ. ಬೆಳಗಿನ ಸೂರ್ಯ ಆ ಬೆಟ್ಟಗಳ ಬಿರುಕಿನಿಂದ ಮೇಲೇಳುವಾಗ ಕಾಣುವ ಆಕಾರ, 'ದಿಗಂತ' ಎಂಬ ಅರ್ಥದ ಚಿತ್ರಲಿಪಿಯ ಅಕ್ಷರವನ್ನೇ ಹೋಲುತ್ತದೆ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಮರುಭೂಮಿಯ ನಡುವೆ ಅಷ್ಟೊಂದು ಕಲ್ಲು ಹೇಗೆ ಬಂತು?

'ಮರುಭೂಮಿಯ ನಡುವೆ' ಎಂಬುದೇ ತಪ್ಪು. ಪಿರಮಿಡ್ಡುಗಳು ನಿಂತಿರುವುದು ಮರುಭೂಮಿಯ ಅಂಚಿನಲ್ಲಿ, ಆಗ ಆ ಅಂಚಿಗೆ ನೀರು ಬರುತ್ತಿತ್ತು.

ಒಳಗಿನ ಒರಟು ಸುಣ್ಣಕಲ್ಲಿನ ಬಹುಪಾಲನ್ನು ಗೀಜಾದಲ್ಲೇ, ಪಿರಮಿಡ್ಡಿನಿಂದ ಕೂಗಳತೆಯ ಗಣಿಗಳಲ್ಲಿ ಕಡಿದರು. ಹೊರಮೈಗೆ ಬೇಕಾದ ನುಣುಪಾದ ಬಿಳಿ ಕಲ್ಲು ನದಿಯಾಚೆಯ ತುರಾದಿಂದ, ಗ್ರಾನೈಟ್ ದೂರದ ಅಸ್ವಾನಿನಿಂದ ದೋಣಿಯಲ್ಲಿ ಬಂತು. ಇದು ಊಹೆಯ ಮಾತಲ್ಲ. 2013ರಲ್ಲಿ ಫ್ರೆಂಚ್ ಪುರಾತತ್ವಜ್ಞ ಪಿಯೆರ್ ತಾಲೆ ಅವರ ತಂಡಕ್ಕೆ ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್ ಎಂಬ ಹಳೆಯ ಬಂದರಿನಲ್ಲಿ ಪಪೈರಸ್ ಹಾಳೆಗಳು ಸಿಕ್ಕವು. ಬರಹವುಳ್ಳ ಪಪೈರಸ್‌ಗಳಲ್ಲಿ ಈವರೆಗೆ ಸಿಕ್ಕ ಅತಿ ಹಳೆಯವು ಇವು. ಗೀಜಾದ ದೊಡ್ಡ ಪಿರಮಿಡ್ಡನ್ನು ಕಟ್ಟಿಸಿದ ಖುಫು ದೊರೆಯ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಮೆರೆರ್ ಎಂಬ ಮೇಲ್ವಿಚಾರಕ ಬರೆದಿಟ್ಟ ದಿನಚರಿ ಅದರಲ್ಲಿದೆ. ಇವತ್ತು ತುರಾದಲ್ಲಿ ಕಲ್ಲು ಹೇರಿದೆವು, ಇಂದು ರಾತ್ರಿ ಇಂಥಲ್ಲಿ ತಂಗಿದೆವು, ಮರುದಿನ ಗೀಜಾ ತಲುಪಿದೆವು ಎಂದು ಒಣಒಣ ಲೆಕ್ಕ. ನನ್ನ ಮಟ್ಟಿಗೆ ತುತಂಖಾಮನನ ಇಡೀ ನಿಧಿಗಿಂತ ಈ ಲೆಕ್ಕದ ಹಾಳೆಯ ಬೆಲೆ ಹೆಚ್ಚು. ಗೋರಿಯೊಂದರ ಹಿಂದೆ ಎಂಥ ಓಡಾಟವಿತ್ತು ಎಂಬುದನ್ನು, ಓಡಾಡಿದವನೇ ಹೇಳುವ ಕಡೆ ಬೇರೆಲ್ಲೂ ಸಿಗದು.

ಆ ನೀರು ಈಗೆಲ್ಲಿ? ನದಿ ಪೂರ್ವಕ್ಕೆ ಸರಿಯಿತು, ಹಳೆಯ ಕವಲು ಮೆಕ್ಕಲು ಮಣ್ಣಿನಲ್ಲಿ ಹೂತುಹೋಯಿತು. ಉಪಗ್ರಹದ ರೇಡಾರ್ ಚಿತ್ರ ಮತ್ತು ನೆಲಕ್ಕೆ ಕೊಳವೆ ಇಳಿಸಿ ತೆಗೆದ ಮಣ್ಣಿನ ಮಾದರಿಗಳ ಮೂಲಕ ಎಮಾನ್ ಘೊನೇಮ್ ಮತ್ತು ಸಂಗಡಿಗರು ಸುಮಾರು 64 ಕಿಲೋಮೀಟರ್ ಉದ್ದದ ಇಂಥದೊಂದು ಬತ್ತಿದ ಕವಲನ್ನು ಗುರುತಿಸಿ 2024ರಲ್ಲಿ ಪ್ರಕಟಿಸಿದರು. 31 ಪಿರಮಿಡ್ಡುಗಳು ಅದರ ಗುಂಟ ಸಾಲಾಗಿ ನಿಂತಿವೆ. ಅದಕ್ಕೆ ಅವರಿಟ್ಟ ಹೆಸರು ಅಹ್ರಾಮಾತ್, ಅರಬ್ಬಿಯಲ್ಲಿ ಪಿರಮಿಡ್ಡುಗಳು ಎಂದರ್ಥ.

ಮಸ್ತಬಾ ಎಂದರೇನು? ಪಿರಮಿಡ್ಡಿಗೂ ಅದಕ್ಕೂ ಏನು ಸಂಬಂಧ?

ಅರಬ್ಬಿಯಲ್ಲಿ ಮಸ್ತಬಾ ಎಂದರೆ ಮನೆಯ ಮುಂದಿನ ಜಗಲಿ. ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಮಾತು ಹುಡುಕಬೇಕಿಲ್ಲ. ಹಸಿ ಇಟ್ಟಿಗೆಯಿಂದಲೋ ಕಲ್ಲಿನಿಂದಲೋ ಕಟ್ಟಿದ, ಇಳಿಜಾರು ಗೋಡೆಯ, ಚಪ್ಪಟೆ ತಲೆಯ ದೊಡ್ಡ ಜಗಲಿ. ಅದರಡಿಯ ಬಾವಿಯಂಥ ಗುಂಡಿಯ ತಳದಲ್ಲಿ ಹೆಣ, ಮೇಲಿನ ಕೋಣೆಯಲ್ಲಿ ಎಡೆ ಇಡುವ ಜಾಗ. ಎಡೆಯ ಎದುರಿಗೆ ಗೋಡೆಯಲ್ಲಿ ತೆರೆಯಲಾಗದ ಕಲ್ಲಿನ ಬಾಗಿಲು. ಸತ್ತವನ ಚೇತನ ಅದರ ಮೂಲಕ ಬಂದು ಉಂಡು ಹೋಗುತ್ತದೆಂಬ ಭಾವನೆ.

ಕ್ರಿ.ಪೂ. 2650ರ ಸುಮಾರಿಗೆ ಜೋಸರ್ ದೊರೆಗಾಗಿ ಸಕ್ಕಾರಾದಲ್ಲಿ ಇಂಥ ಕಲ್ಲಿನ ಜಗಲಿಯೊಂದನ್ನು ಕಟ್ಟಿ, ಹಿಗ್ಗಿಸಿ, ಮತ್ತೆ ಹಿಗ್ಗಿಸಿ, ಕೊನೆಗೆ ಆರು ಮೆಟ್ಟಿಲುಗಳಾಗಿ ಸುಮಾರು 60 ಮೀಟರ್ ಎತ್ತರಿಸಿದರು. ಕೆಲಸ ನಡೆಯುತ್ತಿದ್ದಾಗಲೇ ಮನಸ್ಸು ಬದಲಾದದ್ದು ಕಲ್ಲಿನ ಜೋಡಣೆಯಲ್ಲಿ ಕಾಣುತ್ತದೆ. ಇದರ ಶಿಲ್ಪಿ ಎನ್ನುವ ಇಮ್ಹೊತೆಪ್ ಮುಂದೆ ದೇವರೇ ಆದ.

ಪಿರಮಿಡ್ ಎಂಬುದು ನಾಲ್ಕು ಭಾಗದ ವ್ಯವಸ್ಥೆಯ ತುದಿ ಮಾತ್ರ. ನೀರಿನ ಬಳಿ ಒಂದು ದೇವಾಲಯ, ಅಲ್ಲಿಂದ ಏರುವ ಕಲ್ಲುದಾರಿ, ಪಿರಮಿಡ್ಡಿನ ಮಗ್ಗುಲಲ್ಲಿ ಇನ್ನೊಂದು ದೇವಾಲಯ, ಆಮೇಲೆ ಪಿರಮಿಡ್. ಸುತ್ತ ರಾಣಿಯರ ಪುಟ್ಟ ಪಿರಮಿಡ್ಡುಗಳು, ದೋಣಿ ಹೂತ ಗುಂಡಿಗಳು, ಅಧಿಕಾರಿಗಳ ಜಗಲಿಗಳ ಓಣಿಗಳು. ಗೀಜಾದಲ್ಲಿ 1954ರಲ್ಲಿ ಸಿಕ್ಕ ಖುಫುವಿನ ದೇವದಾರು ದೋಣಿ 43 ಮೀಟರಿಗೂ ಉದ್ದ. ಸಾವಿರಕ್ಕೂ ಮೀರಿದ ಬಿಡಿಭಾಗಗಳಾಗಿ ಗುಂಡಿಯಲ್ಲಿ ಮಲಗಿತ್ತು. ಅದನ್ನು ಜೋಡಿಸಿದ ಹಜ್ ಅಹ್ಮದ್ ಯೂಸೆಫ್ ಅವರು ಮೊದಲು ನೈಲ್ ದಂಡೆಯ ದೋಣಿ ಬಡಗಿಗಳ ಬಳಿ ಕೆಲಸ ನೋಡಿ ಬಂದರಂತೆ.

ಗುಲಾಮರು ಚಾಟಿಯೇಟು ತಿನ್ನುತ್ತ ಕಟ್ಟಿದರೇ?

ಕಟ್ಟಿದವರ ಊರೂ ಅವರ ಮಸಣವೂ ಸಿಕ್ಕಿವೆ. 1990ರಲ್ಲಿ ಗೀಜಾದ ದಕ್ಷಿಣಕ್ಕೆ ಕುದುರೆಯೊಂದು ಮಣ್ಣಿನ ಇಟ್ಟಿಗೆಯ ಗೋಡೆಗೆ ಎಡವಿತು, ಅಲ್ಲಿಂದ ಕೆಲಸಗಾರರ ಗೋರಿಗಳು ತೆರೆದುಕೊಂಡವು. ಈಜಿಪ್ಟಿನ ಪುರಾತತ್ವಜ್ಞ ಜಾಹಿ ಹವಾಸ್ ಅಲ್ಲಿ ಉತ್ಖನನ ನಡೆಸಿದರು. ಮೂಳೆಗಳಲ್ಲಿ ಭಾರ ಹೊತ್ತ ಸವೆತವಿದೆ, ಮುರಿದು ಮತ್ತೆ ನೇರವಾಗಿ ಕೂಡಿಕೊಂಡ ಕೈಕಾಲುಗಳಿವೆ. ಯಾರೋ ಪಟ್ಟಿ ಕಟ್ಟಿ ಆರೈಕೆ ಮಾಡಿದ್ದರು ಎಂದಾಯಿತು. ಹತ್ತಿರದಲ್ಲೇ ಮಾರ್ಕ್ ಲೆಹ್ನರ್ ತಂಡ ಅಗೆದ ಊರಿನಲ್ಲಿ ರೊಟ್ಟಿಯ ಭಟ್ಟಿಗಳು, ಮಲಗುವ ಉದ್ದನೆಯ ಮೊಗಸಾಲೆಗಳು, ದನ, ಕುರಿ, ಮೇಕೆಗಳ ರಾಶಿ ಮೂಳೆ.

ಹಾಗೆಂದು ಅವರೆಲ್ಲ ಹಾಡುತ್ತ ಕುಣಿಯುತ್ತ ಕಟ್ಟಿದರೆಂದು ತಿರುಗಿಸಿ ಹೇಳುವುದೂ ಬೇಡ. ದೊರೆಯ ಕರೆ ಬಂದಾಗ ಬಾರದಿರುವ ಆಯ್ಕೆ ರೈತನಿಗೆ ಇರಲಿಲ್ಲ. ಸಂತೆಯಲ್ಲಿ ಕೊಂಡ ಗುಲಾಮನೂ ಅಲ್ಲ, ಸ್ವಂತ ಇಷ್ಟದ ಕೂಲಿಯೂ ಅಲ್ಲ. ಬಿಟ್ಟಿ ದುಡಿಮೆಗೆ ಹತ್ತಿರದ ಏನೋ ಒಂದು. ಆದರೆ ಪಿರಮಿಡ್ಡಿನ ಮಗ್ಗುಲಲ್ಲೇ ಗೋರಿ ಕಟ್ಟಿಕೊಳ್ಳಲು ಬಿಟ್ಟರು ಎಂಬುದನ್ನು ಮರೆಯುವಂತಿಲ್ಲ.

ಮೊದಲ ದೊರೆಗಳ ಗೋರಿಗಳು ಎಲ್ಲಿವೆ?

ಅಬಿಡೋಸಿನಲ್ಲಿ, ಕೈರೋದಿಂದ ಬಹಳ ದಕ್ಷಿಣಕ್ಕೆ. ಪ್ರವಾಸಿಗರು ಅಲ್ಲಿಗೆ ಹೋದರೆ ಸೇತಿ ದೊರೆಯ ದೇವಾಲಯ ನೋಡಿ ಬಸ್ ಹತ್ತುತ್ತಾರೆ. ನಿಜವಾದ ಸಂಗತಿ ಇರುವುದು ಹಿಂದಿನ ಮರಳಿನಲ್ಲಿ, ಬಂಡೆಗಳ ಬುಡದ ಕಡೆಗೆ. ಆ ಜಾಗದ ಅರಬ್ಬಿ ಹೆಸರು ಉಮ್ಮ್ ಅಲ್-ಕಾಬ್, 'ಮಡಕೆಗಳ ತಾಯಿ'. ಕಾಲಿಟ್ಟಲ್ಲೆಲ್ಲ ಬೋಕಿ ಚೂರು.

ಈ ಚೂರುಗಳು ಬಂದದ್ದು ಹೇಗೆ ಎಂಬುದು ಒಂದು ಒಳ್ಳೆಯ ಕಥೆ. ಮೊದಲ ರಾಜವಂಶದ ದೊರೆಗಳನ್ನು ಇಲ್ಲಿ ನೆಲದಡಿಯ ಇಟ್ಟಿಗೆ ಕೋಣೆಗಳಲ್ಲಿ ಹೂತರು. ಅವರೊಂದಿಗೆ ಆಳುಕಾಳುಗಳನ್ನೂ ಹೂತರು. ಜೆರ್ ದೊರೆಯ ಗೋರಿಯೊಂದರ ಸುತ್ತಲೇ ಮುನ್ನೂರಕ್ಕೂ ಹೆಚ್ಚು ಸಣ್ಣ ಗೋರಿಗಳಿವೆ. ಅವರಲ್ಲಿ ಹಲವರನ್ನು ದೊರೆ ಸತ್ತಾಗ ಕೊಂದೇ ಹೂತಿರಬೇಕೆಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಈ ಪದ್ಧತಿ ಮೊದಲ ರಾಜವಂಶದೊಂದಿಗೇ ನಿಂತುಹೋಯಿತು. ಸಾವಿರ ವರ್ಷ ಕಳೆಯುವಷ್ಟರಲ್ಲಿ ಜನರಿಗೆ ಜೆರ್ ಯಾರೆಂಬುದೇ ಮರೆತಿತ್ತು. ಅವನ ಗೋರಿಯನ್ನು ಸತ್ತವರ ಲೋಕದ ಒಡೆಯ ಒಸಿರಿಸ್ ದೇವರ ಸಮಾಧಿಯೆಂದು ನಂಬಿದರು. ಭಕ್ತರು ಹರಕೆಯ ಮಡಕೆಗಳನ್ನು ತಂದಿಟ್ಟರು, ಶತಮಾನಗಟ್ಟಲೆ ಇಟ್ಟರು. ನಾವು ಇಂದು ತುಳಿಯುವ ಚೂರುಗಳು ಬಹುಪಾಲು ಆ ಹರಕೆಯವು.

ವರ್ಷಕ್ಕೊಮ್ಮೆ ದೇವರ ದೋಣಿಯನ್ನು ಹೊತ್ತು ದೇವಾಲಯದಿಂದ ಈ ಗೋರಿಯವರೆಗೆ ಉತ್ಸವ ಹೋಗುತ್ತಿತ್ತು. ದಾರಿ ಒಂದು ಒಣ ಹಳ್ಳ. ಸತ್ತ ಮೇಲೂ ಉತ್ಸವ ಕಾಣಬೇಕೆಂದು ಜನ ಹಳ್ಳದ ದಿಬ್ಬದ ಮೇಲೆ ಪುಟ್ಟ ಗುಡಿಗಳನ್ನೂ ಕೆತ್ತಿದ ಕಲ್ಲುಗಳನ್ನೂ ನಿಲ್ಲಿಸಿದರು. ತೇರುಬೀದಿಯಲ್ಲಿ ಮನೆಯಿದ್ದರೆ ಬೆಲೆ ಹೆಚ್ಚು ಎಂಬ ಲೆಕ್ಕ ಅಲ್ಲೂ ಇತ್ತು. ಒತ್ತುವರಿ ಹೆಚ್ಚಿತೆಂದು ಕಾಣುತ್ತದೆ: ಉತ್ಸವದ ಹಳ್ಳದೊಳಗೆ ಯಾರೂ ಕಾಲಿಡಕೂಡದು, ಗೋರಿ ಮಾಡಕೂಡದು, ಮೀರಿದವರನ್ನು ಸುಡಲಾಗುವುದು ಎಂಬ ರಾಜಾಜ್ಞೆಯ ಶಾಸನವೇ ಅಲ್ಲಿ ಸಿಕ್ಕಿದೆ. ಅದರ ಮೇಲೆ ನೆಫೆರ್‌ಹೊತೆಪ್ ದೊರೆಯ ಹೆಸರಿದೆ. ಆತ ಅದನ್ನೂ ಹಿಂದಿನ ದೊರೆಯೊಬ್ಬನಿಂದ ಎತ್ತಿಕೊಂಡು ತನ್ನ ಹೆಸರು ಕೆತ್ತಿಸಿದ್ದ.

ಇದೇ ಅಬಿಡೋಸಿನ ಇನ್ನೊಂದು ಗೋರಿಯಲ್ಲಿ ಜರ್ಮನ್ ಪುರಾತತ್ವಜ್ಞ ಗ್ಯುಂಟರ್ ಡ್ರಾಯರ್ ಅವರಿಗೆ ಮೂಳೆ ಮತ್ತು ದಂತದ ಪುಟ್ಟ ಬಿಲ್ಲೆಗಳು ಸಿಕ್ಕವು. ಸರಕಿಗೆ ಕಟ್ಟಿದ ಚೀಟಿಗಳವು. ಈಜಿಪ್ಟಿನ ಬರಹದ ಅತಿ ಹಳೆಯ ಮಾದರಿಗಳಲ್ಲಿ ಸೇರುತ್ತವೆ. 2021ರಲ್ಲಿ ಅಲ್ಲೇ ಐದು ಸಾವಿರ ವರ್ಷ ಹಳೆಯ ಬಿಯರ್ ಕಾರ್ಖಾನೆಯ ಸುದ್ದಿಯೂ ಬಂತು, ಒಂದು ಸರದಿಗೆ ಸುಮಾರು 22,400 ಲೀಟರ್ ತಯಾರಿಸುವಷ್ಟು ದೊಡ್ಡದು. ಸತ್ತ ದೊರೆಗಳ ಆರಾಧನೆಗೆ ಎಷ್ಟು ಬಿಯರ್ ಹರಿಯುತ್ತಿತ್ತು ಎಂದು ಲೆಕ್ಕ ಹಾಕಿಕೊಳ್ಳಿ.

ಬದುಕಿರುವವರು ಮಸಣಕ್ಕೆ ಹೋಗುತ್ತಿದ್ದರೇ, ಅಥವಾ ಹೂತು ಮರೆಯುತ್ತಿದ್ದರೇ?

ಹೋಗುತ್ತಿದ್ದರು, ಉಣ್ಣುತ್ತಿದ್ದರು, ಕುಡಿಯುತ್ತಿದ್ದರು. ಥೀಬ್ಸಿನಲ್ಲಿ, ಎಂದರೆ ಇಂದಿನ ಲಕ್ಸರ್‌ನಲ್ಲಿ, ಸುಗ್ಗಿಯ ಎರಡನೆಯ ತಿಂಗಳ ಅಮಾವಾಸ್ಯೆಗೆ 'ಕಣಿವೆಯ ಚೆಲುವಿನ ಹಬ್ಬ' ಶುರುವಾಗುತ್ತಿತ್ತು. ಕಾರ್ನಾಕ್‌ನ ಅಮುನ್ ದೇವರ ಮೂರ್ತಿ ದೋಣಿಯಲ್ಲಿ ನದಿ ದಾಟಿ ಪಶ್ಚಿಮ ದಂಡೆಯ ದೇವಾಲಯಗಳಿಗೆ ಬರುತ್ತಿತ್ತು. ಮನೆಮಂದಿಯೆಲ್ಲ ತಮ್ಮವರ ಗೋರಿಯ ಅಂಗಳದಲ್ಲಿ ಹೂವು, ಊಟ, ಮದ್ಯ, ಸಂಗೀತದೊಂದಿಗೆ ರಾತ್ರಿ ಕಳೆಯುತ್ತಿದ್ದರು. ಅಮಾವಾಸ್ಯೆ, ಪಿತೃಗಳು ಎಂದೊಡನೆ ನಮಗೆ ಮಹಾಲಯ ನೆನಪಾಗುವುದು ಸಹಜ. ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸಿದರೆ ಕ್ಷೇಮ. ಒಂದರಿಂದ ಇನ್ನೊಂದು ಬಂತೆನ್ನಲು ಯಾವ ಆಧಾರವೂ ಇಲ್ಲ.

ಗೋರಿಯ ಬಾಗಿಲಲ್ಲಿ ದಾರಿಹೋಕರನ್ನು ಕರೆದು ಮಾತಾಡಿಸುವ ಬರಹಗಳೂ ಇರುತ್ತವೆ. ಓ ಬದುಕಿರುವವರೇ, ಕೈಯಲ್ಲಿ ಏನೂ ಇಲ್ಲದಿದ್ದರೆ ಬಾಯಲ್ಲಾದರೂ 'ಸಾವಿರ ರೊಟ್ಟಿ, ಸಾವಿರ ಬಿಯರ್' ಎನ್ನಿ ಎಂಬುದು ಅವುಗಳ ಸಾರ. ಖರ್ಚಿಲ್ಲದ ಎಡೆ.

ಹಳೆಯ ಗೋರಿಗಳನ್ನು ನೋಡಲೆಂದೇ ಬಂದವರೂ ಉಂಟು. ಜೋಸರನ ಪಿರಮಿಡ್ ಆವರಣದ ಗೋಡೆಗಳ ಮೇಲೆ ಸಾವಿರಕ್ಕೂ ಹೆಚ್ಚು ವರ್ಷಗಳ ನಂತರದ ಪ್ರವಾಸಿಗರು ಶಾಯಿಯಲ್ಲಿ ಹೆಸರು ಗೀಚಿದ್ದಾರೆ. ಎರಡನೆಯ ರಾಮ್ಸೆಸ್ ದೊರೆಯ ಮಗ ಖಾಎಂವಾಸೆತ್ ಸಕ್ಕಾರಾದ ಪಾಳುಬಿದ್ದ ಪಿರಮಿಡ್ಡುಗಳನ್ನು ದುರಸ್ತಿ ಮಾಡಿಸಿ, ಯಾವುದು ಯಾರದೆಂದು ಕೆತ್ತಿಸಿ ಫಲಕ ಹಾಕಿಸಿದ.

ಆಮೇಲಿನ ದೊರೆಗಳು ಪಿರಮಿಡ್ ಬಿಟ್ಟು ಕಣಿವೆಯಲ್ಲಿ ಅಡಗಿದ್ದೇಕೆ?

ಪಿರಮಿಡ್ ಎಂದರೆ ಕಳ್ಳರಿಗೆ ವಿಳಾಸ ಕೊಟ್ಟ ಹಾಗೆ, ಅದಕ್ಕೇ ಅಡಗಿದರು ಎಂಬುದು ಸಾಮಾನ್ಯ ಉತ್ತರ. ಪೂರ್ತಿ ಸುಳ್ಳಲ್ಲ. ಆದರೆ ಲಕ್ಸರ್ ಎದುರಿನ ರಾಜರ ಕಣಿವೆಗೆ ಹೋದವರು ತಲೆಯೆತ್ತಿ ನೋಡಲಿ. ಮೇಲೆ ನಿಂತಿರುವ ಅಲ್-ಕುರ್ನ್ ಶಿಖರ ತಾನೇ ಒಂದು ಪಿರಮಿಡ್ಡಿನಂತಿದೆ. ಬೆಟ್ಟವೇ ಸಿದ್ಧವಾಗಿರುವಾಗ ಕಟ್ಟುವ ಗೋಜೇಕೆ? ಆ ಶಿಖರ ಮೆರೆತ್ಸೆಗೆರ್ ಎಂಬ ನಾಗದೇವತೆಯದೆಂದು ಕೆಲಸಗಾರರು ಪೂಜಿಸುತ್ತಿದ್ದರು. ಹೆಸರಿನ ಅರ್ಥ 'ಮೌನವನ್ನು ಪ್ರೀತಿಸುವವಳು'.

ಗೋರಿ ಕೊರೆದವರು ಬೆಟ್ಟದ ಇನ್ನೊಂದು ಮಗ್ಗುಲಿನ ದೇರ್ ಎಲ್-ಮದೀನಾ ಎಂಬ ಊರಿನವರು. ಓದುಬರಹ ಬಲ್ಲವರಾದ್ದರಿಂದ ಕಲ್ಲಿನ ಚಕ್ಕೆ, ಮಡಕೆ ಚೂರುಗಳ ಮೇಲೆ ಎಲ್ಲವನ್ನೂ ಬರೆದಿಟ್ಟರು: ಕೆಲಸಕ್ಕೆ ಬಾರದವರ ಪಟ್ಟಿ, ಕತ್ತೆಯ ಬಾಡಿಗೆ ಜಗಳ, ಸಾಲ. ಮೂರನೆಯ ರಾಮ್ಸೆಸನ 29ನೆಯ ವರ್ಷದಲ್ಲಿ ಪಡಿ ಬಾರದೆ ಹಸಿದ ಇವರು ಕೆಲಸ ಬಿಟ್ಟು ದೇವಾಲಯಗಳ ಹಿಂದೆ ಹೋಗಿ ಕುಳಿತರು. ಬರಹದಲ್ಲಿ ದಾಖಲಾದ ಜಗತ್ತಿನ ಮೊದಲ ಮುಷ್ಕರ ಎಂದು ಇದನ್ನು ಹೇಳುತ್ತಾರೆ.

ಗೋರಿಗಳನ್ನು ದೋಚಿದವರು ಯಾರು?

ಬಹಳ ಸಲ ಹತ್ತಿರದವರೇ. ಒಂಬತ್ತನೆಯ ರಾಮ್ಸೆಸನ ಕಾಲದ ವಿಚಾರಣೆಯ ಕಡತಗಳು ಪಪೈರಸ್ಸಿನಲ್ಲಿ ಉಳಿದಿವೆ. ಅಮೆನ್‌ಪನೂಫರ್ ಎಂಬ ಕಲ್ಲುಕುಟಿಗ ಎರಡನೆಯ ಸೊಬೆಕೆಮ್ಸಾಫ್ ದೊರೆಯ ಗೋರಿಯನ್ನು ಹೇಗೆ ಕೊರೆದು, ಚಿನ್ನ ಬಿಚ್ಚಿಕೊಂಡು, ಪೆಟ್ಟಿಗೆಗಳಿಗೆ ಬೆಂಕಿಯಿಟ್ಟೆವು ಎಂದು ಒಪ್ಪಿಕೊಂಡಿದ್ದಾನೆ. ಸಿಕ್ಕಿಬಿದ್ದಾಗ ಅಧಿಕಾರಿಗೆ ತನ್ನ ಪಾಲಿನ ಚಿನ್ನ ಕೊಟ್ಟು ಬಿಡಿಸಿಕೊಂಡು ಬಂದದ್ದನ್ನೂ ಹೇಳಿದ್ದಾನೆ!

ಕೊನೆಗೆ ಪುರೋಹಿತರೇ ದೊರೆಗಳ ಹೆಣಗಳನ್ನು ಒಟ್ಟುಮಾಡಿ ದೇರ್ ಎಲ್-ಬಹರಿಯ ಬಳಿ ಒಂದು ಆಳವಾದ ಗುಂಡಿಯಲ್ಲಿ ಅಡಗಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಕುರ್ನಾ ಹಳ್ಳಿಯ ಅಬ್ದುಲ್ ರಸೂಲ್ ಮನೆತನದವರಿಗೆ ಅದು ಸಿಕ್ಕಿತು. ಒಂದೊಂದೇ ವಸ್ತು ಮಾರುತ್ತ ಹೋದರು. 1881ರಲ್ಲಿ ಗುಟ್ಟು ರಟ್ಟಾಗಿ, ಪುರಾತನ ವಸ್ತುಗಳ ಇಲಾಖೆಯ ಎಮಿಲ್ ಬ್ರುಗ್ಷ್ ಎರಡೇ ದಿನದಲ್ಲಿ ಎಲ್ಲವನ್ನೂ ಹೊರಗೆಳೆಸಿದರು. ಸೇತಿ, ಎರಡನೆಯ ರಾಮ್ಸೆಸ್, ಮೂರನೆಯ ಥುತ್ಮೋಸ್ ಅದರಲ್ಲಿದ್ದರು. ಅವಸರದಲ್ಲಿ ಯಾವುದು ಎಲ್ಲಿತ್ತೆಂಬ ನಕ್ಷೆ ಉಳಿಯಲಿಲ್ಲ. ಕಳ್ಳರಿಂದ ಉಳಿಸಿದ್ದು ಸರಿ, ಆದರೆ ಆ ಎರಡು ದಿನದ ನಷ್ಟವೂ ಸಣ್ಣದಲ್ಲ. ಹೆಣ ಹೊತ್ತ ಹಡಗು ಕೈರೋ ಕಡೆ ಹೊರಟಾಗ ದಂಡೆಯುದ್ದಕ್ಕೂ ಹಳ್ಳಿಯ ಹೆಂಗಸರು ತಲೆಗೂದಲು ಬಿಚ್ಚಿ ಗೋಳಾಡಿದರಂತೆ.

ತುತಂಖಾಮನನ ಗೋರಿ ಉಳಿದದ್ದೂ ನೆಲದ ಕೃಪೆ. ಅದೂ ಹಿಂದೆಯೇ ಎರಡು ಸಲ ಕನ್ನಕ್ಕೆ ಒಳಗಾಗಿತ್ತು. ಆಮೇಲೆ ಅದರ ಬಾಯಿಯ ಮೇಲೆ ಕಲ್ಲುಮಣ್ಣು ಬಿದ್ದು, ಆ ರಾಶಿಯ ಮೇಲೆ ಆರನೆಯ ರಾಮ್ಸೆಸನ ಗೋರಿ ಕೊರೆಯುವವರು ಗುಡಿಸಲು ಹಾಕಿಕೊಂಡರು. ಪುರಾತತ್ವಜ್ಞ ಹೊವರ್ಡ್ ಕಾರ್ಟರ್ 1922ರ ನವೆಂಬರ್ 4ರಂದು ಮೊದಲ ಮೆಟ್ಟಿಲು ಕಂಡದ್ದು ಆ ಗುಡಿಸಲುಗಳನ್ನು ತೆಗೆಸಿದ ಮೇಲೆ.

ಬಡವರನ್ನು ಎಲ್ಲಿ ಹೂಳುತ್ತಿದ್ದರು?

ಮರಳಿನ ಗುಂಡಿಯಲ್ಲಿ, ಚಾಪೆ ಸುತ್ತಿ. ಅಮಾರ್ನಾದಲ್ಲಿ ಬ್ಯಾರಿ ಕೆಂಪ್ ಅವರ ತಂಡ ಸಾಮಾನ್ಯರ ಮಸಣಗಳನ್ನು ವರ್ಷಗಟ್ಟಲೆ ತಾಳ್ಮೆಯಿಂದ ಬಿಡಿಸಿತು. ಹೆಚ್ಚಿನವರಿಗೆ ಮರದ ಪೆಟ್ಟಿಗೆಯಿಲ್ಲ, ಕಡ್ಡಿಗಳನ್ನು ಹೆಣೆದ ಚಾಪೆಯೇ ಗತಿ. ಚಿಕ್ಕ ವಯಸ್ಸಿನ ಸಾವುಗಳು, ಭಾರ ಹೊತ್ತು ಸವೆದ ಬೆನ್ನೆಲುಬುಗಳು. ಉತ್ತರದ ಒಂದು ಮಸಣದಲ್ಲಂತೂ ಬಹುಪಾಲು ಮಕ್ಕಳು ಮತ್ತು ಹದಿಹರೆಯದವರು. ಸೂರ್ಯನ ಕಿರಣಗಳ ಕೆಳಗೆ ರಾಜಕುಟುಂಬ ನಲಿಯುವ ಆ ಊರಿನ ಪ್ರಸಿದ್ಧ ಕೆತ್ತನೆಗಳನ್ನು ನೋಡುವ ಮೊದಲು ಈ ಮೂಳೆಗಳ ವರದಿ ಓದಬೇಕು.

ಬರಹವೇ ಇಲ್ಲದ ಗೋರಿಯ ಕಾಲ ಹೇಗೆ ತಿಳಿಯುತ್ತದೆ?

ಮಡಕೆಯಿಂದ. ಇಂಗ್ಲಿಷ್ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ 1894–95ರಲ್ಲಿ ನಕಾದಾದಲ್ಲಿ ಸಾವಿರಾರು ಗುಂಡಿಗೋರಿಗಳನ್ನು ಅಗೆದರು. ಮೊದಲು ಹೊರಗಿನಿಂದ ಬಂದ 'ಹೊಸ ಜನಾಂಗ'ದವೆಂದು ತಪ್ಪಾಗಿ ತಿಳಿದರು; ಅವು ದೊರೆಗಳಿಗೂ ಹಿಂದಿನ ಈಜಿಪ್ಟಿನವರವೇ ಆಗಿದ್ದವು. ಆದರೆ ಅವರು ಮಾಡಿದ ಮುಂದಿನ ಕೆಲಸ ಅಸಾಧಾರಣವಾದದ್ದು. ಅಲೆಯಂತೆ ಬಾಗಿದ ಹಿಡಿಯಿರುವ ಮಡಕೆಗಳನ್ನು ಗಮನಿಸಿದರು. ಮೊದಲು ಹಿಡಿ ನಿಜಕ್ಕೂ ಹಿಡಿಯಲು ಬರುವಂತಿತ್ತು, ಬರಬರುತ್ತ ಸಣ್ಣದಾಯಿತು, ಕೊನೆಗೆ ಬರೀ ಗೀಟಾಯಿತು. ಸುಮಾರು ಒಂಬೈನೂರು ಗೋರಿಗಳ ಮಡಕೆಗಳನ್ನು ಚೀಟಿಗಳಲ್ಲಿ ಬರೆದು, ಸರಿಸಿ ಸರಿಸಿ ಜೋಡಿಸಿ, 30ರಿಂದ 80ರವರೆಗೆ ಸಂಖ್ಯೆ ಕೊಟ್ಟರು. 30ರ ಕೆಳಗಿನ ಜಾಗವನ್ನು ಮುಂದೆ ಇನ್ನೂ ಹಳೆಯದು ಸಿಕ್ಕೀತೆಂದು ಖಾಲಿ ಬಿಟ್ಟರು. ಸಿಕ್ಕಿತು ಕೂಡ. ಈಗ ರೇಡಿಯೊಕಾರ್ಬನ್ ಪರೀಕ್ಷೆ ವರ್ಷಗಳ ಅಂದಾಜು ಕೊಡುತ್ತದೆ, ಆದರೆ ಮಡಕೆ ನೋಡುವ ಕಣ್ಣು ಇನ್ನೂ ಬೇಕು.

ಅಗೆಯುವವರು ಯಾರು? ಹೆಸರೆಲ್ಲ ವಿದೇಶಿಯರದೇ ಕೇಳುತ್ತದಲ್ಲ?

ಒಳ್ಳೆಯ ಪ್ರಶ್ನೆ, ಉತ್ತರವೂ ಮುಜುಗರದ್ದು. ಪೆಟ್ರಿ ತರಬೇತಿ ಕೊಟ್ಟ ಕುಫ್ತ್ ಊರಿನವರು ತಲೆಮಾರಿನಿಂದ ಉತ್ಖನನವನ್ನೇ ಕಸುಬಾಗಿಸಿಕೊಂಡಿದ್ದಾರೆ. ಅವರ ಮೇಸ್ತ್ರಿಯನ್ನು 'ರೈಸ್' ಎನ್ನುತ್ತಾರೆ. ಹಸಿ ಇಟ್ಟಿಗೆಯ ಗೋಡೆ ಎಲ್ಲಿ ಮುಗಿಯಿತು, ಬಿದ್ದ ಇಟ್ಟಿಗೆಯ ಮಣ್ಣು ಎಲ್ಲಿ ಶುರುವಾಯಿತು ಎಂಬುದನ್ನು ಕರಣೆಯ ತುದಿಯಲ್ಲೇ ಹೇಳಬಲ್ಲವರು. 1925ರಲ್ಲಿ ಗೀಜಾದಲ್ಲಿ ಖುಫುವಿನ ತಾಯಿ ಹೆತೆಪ್‌ಹೆರೆಸ್‌ಳ ಗುಪ್ತ ಗೋರಿ ಸಿಕ್ಕಾಗ ತಂಡದ ಮುಖ್ಯಸ್ಥ ಜಾರ್ಜ್ ರೈಸ್ನರ್ ಅಮೆರಿಕದಲ್ಲಿದ್ದರು. ಕಂಡದ್ದು ಈಜಿಪ್ಟಿನ ಛಾಯಾಗ್ರಾಹಕನ ಕ್ಯಾಮೆರಾ ಸ್ಟ್ಯಾಂಡಿನ ಕಾಲಿಗೆ ತಗುಲಿದ ಬಿಳಿ ಗಾರೆಯಿಂದ.

ಕುರ್ನಾದ ಜನರ ಕಥೆ ಬೇರೆ. ಅವರ ಮನೆಗಳು ಗೋರಿಗಳ ಮೇಲೆಯೇ ಇದ್ದವು. 2000ದ ದಶಕದಲ್ಲಿ ಮನೆ ಕೆಡವಿ ಅವರನ್ನು ಬೇರೆಡೆಗೆ ಸಾಗಿಸಿದರು. ಗೋರಿಗಳಿಗೆ ಒಳಿತಾಯಿತು. ಬಣ್ಣಬಣ್ಣದ ಆ ಮನೆಗಳೂ ಆ ಬೆಟ್ಟದ ಚರಿತ್ರೆಯ ಒಂದು ಪದರವೇ ಆಗಿದ್ದವು ಎಂದು ನನಗನ್ನಿಸುತ್ತದೆ.

ಪ್ರಾಣಿಗಳನ್ನೂ ಹೂತರೇ?

ಲಕ್ಷಗಟ್ಟಲೆ. ಸಕ್ಕಾರಾದಲ್ಲಿ ಅನುಬಿಸ್ ದೇವರ ನಾಯಿಗಳ ಸುರಂಗವೊಂದರಲ್ಲೇ ಎಂಬತ್ತು ಲಕ್ಷದಷ್ಟು ಪ್ರಾಣಿಗಳಿದ್ದಿರಬಹುದೆಂಬ ಅಂದಾಜಿದೆ. ಬಹಳಷ್ಟು ಹುಟ್ಟಿದ ಕೆಲವೇ ಗಂಟೆ, ದಿನಗಳ ಮರಿಗಳು. ಭಕ್ತರು ಹರಕೆಗೆ ಕೊಳ್ಳಲೆಂದೇ ಸಾಕಿ ಕೊಂದವು. ದೇವರೆಂದೇ ಪೂಜಿಸುತ್ತಿದ್ದ ಏಪಿಸ್ ಹೋರಿಗಳಿಗೆ ಮಾತ್ರ ರಾಜಮರ್ಯಾದೆ: ಹತ್ತಾರು ಟನ್ ತೂಗುವ ಕಲ್ಲಿನ ಪೆಟ್ಟಿಗೆಗಳು. ಆ ಸುರಂಗವನ್ನು ಫ್ರೆಂಚ್ ಪುರಾತತ್ವಜ್ಞ ಒಗಸ್ಟ್ ಮರಿಯೆಟ್ 1851ರಲ್ಲಿ ಹೊಕ್ಕದ್ದು, ಮರಳಿನಿಂದ ಇಣುಕಿದ ಒಂದು ಸ್ಫಿಂಕ್ಸಿನ ತಲೆಯ ಜಾಡು ಹಿಡಿದು ಹೋಗಿ.

ಗೋರಿ ತೆರೆದವರಿಗೆ ಶಾಪ ತಟ್ಟಿತೇ? ಪಿರಮಿಡ್ ಕಟ್ಟಿದವರು ಅನ್ಯಗ್ರಹದವರೇ?

ಇಲ್ಲ. ಇಲ್ಲ. ಕಾರ್ಟರ್ ಗೋರಿ ತೆರೆದ ಮೇಲೆ ಹದಿನಾರು ವರ್ಷ ಬದುಕಿದ್ದರು. ಎರಡನೆಯದಕ್ಕೆ ದಹಶೂರ್‌ನಲ್ಲಿ ಸ್ನೆಫೆರು ದೊರೆಯ ಬಾಗಿದ ಪಿರಮಿಡ್ ನೋಡಿ: ಸುಮಾರು 54 ಡಿಗ್ರಿಯಲ್ಲಿ ಏರುತ್ತಿದ್ದದ್ದನ್ನು ನಡುವೆ 43ಕ್ಕೆ ಇಳಿಸಿ ಮುಗಿಸಿದ್ದಾರೆ. ನಕ್ಷತ್ರಲೋಕದಿಂದ ಬಂದವರು ಹೀಗೆ ಅರ್ಧಕ್ಕೆ ಗಾಬರಿಯಾಗುತ್ತಿರಲಿಲ್ಲ.

ಈ ಮಸಣಗಳಿಗೂ ಭಾರತಕ್ಕೂ ಏನಾದರೂ ನಂಟಿದೆಯೇ?

ಎರಡನೆಯ ರಾಮ್ಸೆಸನ ಮೂಗಿನ ಹೊಳ್ಳೆಯಲ್ಲಿ ಕರಿಮೆಣಸಿನ ಕಾಳುಗಳಿದ್ದವು. ಆತ ಸತ್ತದ್ದು ಕ್ರಿ.ಪೂ. 1213ರಲ್ಲಿ. ಮೆಣಸಿನ ಬಳ್ಳಿಯ ತವರು ನಮ್ಮ ಪಶ್ಚಿಮ ಘಟ್ಟದ ಸೆರಗು. ಎಷ್ಟು ಕೈ ದಾಟಿ ಹೋಯಿತೋ, ಅಂತೂ ಹೋಯಿತು. ಸಕ್ಕಾರಾದ ಹೆಣ ಸಂಸ್ಕರಿಸುವ ಕಾರ್ಯಾಗಾರದ ಮಡಕೆಗಳ ಪರೀಕ್ಷೆ 2023ರಲ್ಲಿ ಪ್ರಕಟವಾಯಿತು. 'ಇದು ತಲೆಗೆ' ಎಂಬಂಥ ಬರಹವಿದ್ದ ಆ ಮಡಕೆಗಳಲ್ಲಿ ಏಷ್ಯಾದ ಮಳೆಕಾಡುಗಳ ಡಮ್ಮರ್ ರಾಳದ ಕುರುಹು ಸಿಕ್ಕಿದೆ.

ಕನ್ನಡಿಗರು ತಪ್ಪದೆ ಕೇಳುವ ಇನ್ನೊಂದು, ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೆಯ ಊರಿನಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಕನ್ನಡ ಮಾತುಗಳಿವೆಯೇ ಎಂಬುದು. ಅದು ಗೋರಿಯಿಂದಲ್ಲ, ಊರ ಹೊರಗಿನ ಕಸದ ದಿಬ್ಬದಿಂದ ಬಂದ ಪಪೈರಸ್. ಕನ್ನಡವೆಂದು ಜರ್ಮನ್ ವಿದ್ವಾಂಸ ಹುಲ್ಶ್ ಸೂಚಿಸಿದರು, ಶಾಮಶಾಸ್ತ್ರಿ ಮತ್ತು ಗೋವಿಂದ ಪೈ ಅವರು ವಾದ ಬೆಳೆಸಿದರು, ತುಳು ಎಂದವರೂ ಇದ್ದಾರೆ, ಒಪ್ಪದವರೂ ಬಹಳ. ಹೆಮ್ಮೆಗೆ ಅವಸರ ಬೇಡ.

ಮಮ್ಮಿಯನ್ನು ಕಣ್ಣಾರೆ ನೋಡಲು ಹೈದರಾಬಾದ್, ಕೋಲ್ಕತ್ತ, ಜೈಪುರಗಳ ವಸ್ತುಸಂಗ್ರಹಾಲಯಗಳಿಗೆ ಹೋಗಬಹುದು. ಜೈಪುರದ ತೂತೂ ಎಂಬಾಕೆ ಈಜಿಪ್ಟಿನ ಅಖ್ಮೀಮ್ ಊರಿನವಳು.

ಈಗ ಈ ಜಾಗಗಳಿಗೆ ಅಪಾಯವಿದೆಯೇ?

ಇದೆ, ಎಲ್ಲ ಕಡೆಯಿಂದ. 1970ರಲ್ಲಿ ಅಸ್ವಾನಿನ ದೊಡ್ಡ ಅಣೆಕಟ್ಟು ಮುಗಿದ ಮೇಲೆ ನೆರೆ ನಿಂತಿತು, ವರ್ಷವಿಡೀ ನೀರಾವರಿ ಬಂತು, ಹಲವೆಡೆ ಅಂತರ್ಜಲ ಏರಿ ಉಪ್ಪು ಕಲ್ಲನ್ನು ತಿನ್ನುತ್ತಿದೆ. ಕೈರೋದ ಕಟ್ಟಡಗಳು ಗೀಜಾದ ಹೊಸ್ತಿಲಿಗೆ ಬಂದಿವೆ. 2011ರ ಗಲಭೆಯ ನಂತರ ಕಳ್ಳಗುಂಡಿಗಳು ಹೆಚ್ಚಿದವು. ದಹಶೂರ್‌ನಲ್ಲಿ ಇಂದಿನವರ ಮಸಣವೇ ಹಳೆಯವರ ಮಸಣದ ಮೇಲೆ ಹರಡಿತು. 1983ರ ಕಾನೂನು ಪುರಾತನ ವಸ್ತುಗಳ ಮಾರಾಟವನ್ನು ನಿಷೇಧಿಸಿದೆ. ಯಾರಾದರೂ 'ಅಸಲಿ' ಎಂದು ಪುಟ್ಟ ಗೊಂಬೆ ಕೊಡಬಂದರೆ ಅದು ನಕಲಿ, ಅಲ್ಲವಾದರೆ ಜೈಲು.

ಒಂದೇ ದಿನ ಸಮಯವಿದ್ದರೆ ಎಲ್ಲಿಗೆ ಹೋಗಲಿ?

ಸಕ್ಕಾರಾಕ್ಕೆ. ಗೀಜಾ ನೋಡದೆ ಬಂದೆಯಾ ಎಂದು ಊರಲ್ಲಿ ಕೇಳುವವರು ಇರುತ್ತಾರೆ. ದೂರದಿಂದ ಅದೂ ಕಾಣುತ್ತದೆ. ವಾಹನದಲ್ಲಿ ನೇರ ಮೇಲಕ್ಕೆ ಹೋಗಬೇಡಿ. ಕೆಳಗೆ ಖರ್ಜೂರದ ತೋಪು ಮುಗಿಯುವಲ್ಲಿ ಊನಾಸನ ಕೆಳಗಿನ ದೇವಾಲಯದ ಕೆಲವು ಕಂಬಗಳು ನಿಂತಿವೆ, ದೋಣಿಗಳು ಬಂದು ನಿಲ್ಲುತ್ತಿದ್ದ ಜಾಗ ಅದು. ಅಲ್ಲಿಂದ ಕಲ್ಲುದಾರಿ ಹಿಡಿದು ಪಿರಮಿಡ್ಡಿನವರೆಗೆ ನಡೆಯಿರಿ, ಸುಮಾರು 700 ಮೀಟರ್. ಮೇಲೆ ತಲುಪಿ ಹಿಂದಿರುಗಿ ನೋಡಿದರೆ ಹಸಿರು ಎಲ್ಲಿ ನಿಂತು ಮರಳು ಎಲ್ಲಿ ಶುರುವಾಯಿತು ಎಂಬ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಟೋಪಿ, ನೀರು ಮರೆಯಬೇಡಿ. ಊನಾಸನ ಕಾಲದಲ್ಲಿ ಆ ದಾರಿಗೆ ಚಾವಣಿ ಇತ್ತು, ಈಗ ಇಲ್ಲ.